ಬಾಳಿಕೆ ಬರುವ ವಸ್ತು, ಬಾಳಿಕೆ ಬಾರದ ಮನುಷ್ಯ

ಚಪ್ಪಲಿ ಕೊಳ್ಳಲು ಅಂಗಡಿಗೆ ಹೋದ ಸಾಮಾನ್ಯ ವರಮಾನದ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಅವನ ಮುಂದೆ ಎರಡು ಜೊತೆ ಚಪ್ಪಲಿಗಳಿವೆ. ಒಂದರ ಬೆಲೆ 300 ರೂಪಾಯಿ. ಅದು ಆರು ತಿಂಗಳು ಬಾಳಿದರೆ ಹೆಚ್ಚು. ಅಂಟು ಬಿಟ್ಟಿತೆಂದರೆ ಹೊಲಿಯಲು ಬರುವುದಿಲ್ಲ, ಎಸೆಯಬೇಕು. ಇನ್ನೊಂದರ ಬೆಲೆ 1500 ರೂಪಾಯಿ. ಒಳ್ಳೆಯ ತೊಗಲು, ಗಟ್ಟಿ ಹೊಲಿಗೆ. ನಡುವೆ ಒಂದೆರಡು ಸಲ ಅಟ್ಟೆ ಹಾಕಿಸಿದರೆ ಐದು ವರ್ಷ ಬಾಳುತ್ತದೆ. ಅವನ ಕೈ ಎರಡನೆಯದರ ಕಡೆಗೆ ಹೋಗುತ್ತದೆ, ಮನಸ್ಸು ತಡೆಯುತ್ತದೆ. ಕಾಲಿಗೆ ಹಾಕುವುದಕ್ಕೆ ಇಷ್ಟೊಂದು ಹಣವೇ? ಇದು ದುಂದುವೆಚ್ಚವಲ್ಲವೇ? ನಾಳೆ ಅಲ್ಲಾಹನು ಲೆಕ್ಕ ಕೇಳಿದರೆ ಏನು ಹೇಳಲಿ?

ಲೆಕ್ಕವನ್ನೇ ಹಾಕುವುದಾದರೆ 300ರ ಚಪ್ಪಲಿ ಐದು ವರ್ಷಕ್ಕೆ ಹತ್ತು ಜೊತೆ ಬೇಕು. ಆಗುವ ಖರ್ಚು 3000 ರೂಪಾಯಿ. ಹತ್ತು ಜೊತೆಗಳೂ ಕೊನೆಗೆ ಸೇರುವುದು ಕಸದ ರಾಶಿಗೆ. ಸರಳವೆಂದು ಕಂಡದ್ದೇ ಹೆಚ್ಚು ನುಂಗುತ್ತದೆ. ದುಬಾರಿಯೆಂದು ಕಂಡದ್ದು ಉಳಿತಾಯ ಮಾಡುತ್ತದೆ. ಆದರೆ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಇದೇ ಲೆಕ್ಕವನ್ನು ಮುಂದಿಟ್ಟುಕೊಂಡು ಒಬ್ಬನು ಲಕ್ಷ ರೂಪಾಯಿಯ ವಾಚು ಕೊಳ್ಳುತ್ತಾನೆ. "ಇದು ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ" ಎಂದು ತನಗೂ ಹೇಳಿಕೊಳ್ಳುತ್ತಾನೆ, ಇತರರಿಗೂ ಹೇಳುತ್ತಾನೆ. ಇನ್ನೊಬ್ಬನು ಕೈಯಲ್ಲಿ ಹಣವಿದ್ದರೂ ಹರಿದದ್ದನ್ನೇ ಉಟ್ಟುಕೊಂಡು ಅದನ್ನು ವಿರಕ್ತಿಯೆಂದು ಭಾವಿಸುತ್ತಾನೆ. ಇವರಲ್ಲಿ ಸರಿ ಯಾರು?

ಇವೆಲ್ಲಕ್ಕಿಂತ ಆಳವಾದ ಪ್ರಶ್ನೆ ಇನ್ನೊಂದಿದೆ. ಪ್ರವಾದಿವರ್ಯರು(ಸ) ಅಬ್ದುಲ್ಲಾ ಬಿನ್ ಉಮರ್(ರ)ರ ಭುಜ ಹಿಡಿದು, ಈ ಲೋಕದಲ್ಲಿ ಅಪರಿಚಿತನಂತೆ ಅಥವಾ ದಾರಿಹೋಕನಂತೆ ಇರಬೇಕೆಂದು ಉಪದೇಶಿಸಿದ್ದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ದಾರಿಹೋಕನಿಗೆ ಬಾಳಿಕೆಯ ವಸ್ತುವೇಕೆ? ನಾವೇ ಬಾಳದ ಲೋಕದಲ್ಲಿ ಬಾಳುವ ಪಾತ್ರೆ, ಬಾಳುವ ಬಟ್ಟೆ, ಬಾಳುವ ಮೇಜು ಕುರ್ಚಿಗಳನ್ನು ಹುಡುಕುವುದು ವಿಶ್ವಾಸಿಗೆ ತಕ್ಕ ಕೆಲಸವೇ?

ಕವಚದ ಕೊಂಡಿಗಳು

ಮೊದಲು ಪವಿತ್ರ ಕುರ್‌ಆನಿನ ಕಡೆಗೆ ನೋಡೋಣ. ಸಬಅ್ ಅಧ್ಯಾಯದ 10 ಮತ್ತು 11ನೇ ಸೂಕ್ತಗಳಲ್ಲಿ ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ಪ್ರಸ್ತಾಪವಿದೆ. ಪೂರ್ಣವಾದ ಕವಚಗಳನ್ನು ಮಾಡಬೇಕು, ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕು ಎಂದು ಅವರಿಗೆ ಆದೇಶವಾಯಿತು. ವ್ಯಾಖ್ಯಾನಕಾರರು ಇದನ್ನು ವಿವರಿಸುತ್ತಾ, ಮೊಳೆ ತೀರಾ ಸಣ್ಣದಾದರೆ ಕೊಂಡಿ ಸಡಿಲವಾಗುತ್ತದೆ, ತೀರಾ ದಪ್ಪವಾದರೆ ಕೊಂಡಿ ಒಡೆಯುತ್ತದೆ, ಆದ್ದರಿಂದ ಎರಡೂ ಆಗಬಾರದು ಎಂದಿದ್ದಾರೆ. ಆಲೋಚಿಸಿ ನೋಡಿ. ಏಳು ಆಕಾಶಗಳ ಒಡೆಯನು ಒಬ್ಬ ಪ್ರವಾದಿಗೆ ಕಮ್ಮಾರನ ಮೊಳೆಯ ಅಳತೆಯನ್ನು ನೆನಪಿಸುತ್ತಾನೆ. ಅದೇ ಸೂಕ್ತದಲ್ಲಿ ಸತ್ಕರ್ಮ ಮಾಡಬೇಕೆಂಬ ಆದೇಶವೂ, ನೀವು ಮಾಡುವುದನ್ನೆಲ್ಲ ತಾನು ನೋಡುತ್ತಿರುವೆನೆಂಬ ಎಚ್ಚರಿಕೆಯೂ ಇದೆ. ಕೊಂಡಿಯ ಅಳತೆಯೂ ಸತ್ಕರ್ಮವೂ ಒಂದೇ ಉಸಿರಿನಲ್ಲಿ ಬಂದಿರುವುದು ಆಕಸ್ಮಿಕವಲ್ಲ.

ಅನ್ನಮ್ಲ್ ಅಧ್ಯಾಯದ 88ನೇ ಸೂಕ್ತದಲ್ಲಿ ಅಲ್ಲಾಹನು ತನ್ನನ್ನು ಪ್ರತಿಯೊಂದನ್ನೂ ಸುಭದ್ರವಾಗಿ, ಕುಂದಿಲ್ಲದಂತೆ ಮಾಡಿದವನೆಂದು ಪರಿಚಯಿಸುತ್ತಾನೆ. ಆ ಕ್ರಿಯೆಗೆ ಅರಬಿಯಲ್ಲಿ ಇತ್ಕಾನ್ ಎಂಬ ಹೆಸರಿದೆ. ಒಂದು ಕೆಲಸವನ್ನು ಕೈಗೆತ್ತಿಕೊಂಡವನು ಅದನ್ನು ಇತ್ಕಾನ್‌ನೊಂದಿಗೆ ಮಾಡುವುದು ಅಲ್ಲಾಹನಿಗೆ ಪ್ರಿಯವೆಂಬ ಆಶಯದ ವರದಿಯನ್ನು ಇಮಾಮ್ ಬೈಹಕಿ ಉಲ್ಲೇಖಿಸಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ಶದ್ದಾದ್ ಬಿನ್ ಔಸ್(ರ)ರಿಂದ ಬಂದ ಹದೀಸ್ ಇನ್ನೂ ಸ್ಪಷ್ಟ. ಎಲ್ಲದರಲ್ಲೂ ಇಹ್ಸಾನ್, ಅಂದರೆ ಉತ್ತಮ ರೀತಿಯನ್ನು ವಿಧಿಸಲಾಗಿದೆ ಎಂದು ಹೇಳಿದ ಪ್ರವಾದಿ(ಸ)ಯವರು, ಪ್ರಾಣಿಯನ್ನು ಕೊಯ್ಯುವವನು ತನ್ನ ಚೂರಿಯನ್ನು ಹರಿತಗೊಳಿಸಲಿ ಎಂದು ಆದೇಶಿಸಿದರು. ಮೊಂಡು ಚೂರಿ ಬಳಸುವುದು ಸರಳತೆಯಲ್ಲ, ಪ್ರಾಣಿಗೆ ಮಾಡುವ ಅನ್ಯಾಯ. ಒಳ್ಳೆಯ ಸಲಕರಣೆಯಿಂದ ಕೆಲಸ ಮಾಡುವುದು ಇಲ್ಲಿ ದಯೆಯ ಒಂದು ರೂಪ.

ಆದ್ದರಿಂದ ಗಟ್ಟಿಯಾದ, ಚೆನ್ನಾಗಿ ಮಾಡಿದ ವಸ್ತುವನ್ನು ಆರಿಸುವುದು ತನ್ನಷ್ಟಕ್ಕೆ ದುಂದುವೆಚ್ಚವಲ್ಲ. ಸಂಪತ್ತನ್ನು ಹಾಳುಮಾಡುವುದನ್ನು ಪ್ರವಾದಿ(ಸ)ಯವರು ಅಪ್ರಿಯ ಕಾರ್ಯಗಳಲ್ಲಿ ಎಣಿಸಿದ್ದಾರೆ. ನಾಳೆ ಒಡೆಯುವುದೆಂದು ತಿಳಿದಿದ್ದೂ ಅಗ್ಗವೆಂಬ ಒಂದೇ ಕಾರಣಕ್ಕೆ ಮತ್ತೆ ಮತ್ತೆ ಕೊಂಡು ಎಸೆಯುವವನು, ತಾನು ಆ ಪಟ್ಟಿಗೆ ಹೊರಗಿನವನೆಂದು ಹೇಗೆ ನಂಬಬಲ್ಲ?

ಚೆಲುವು ಬೇರೆ, ಗರ್ವ ಬೇರೆ

ಹಾಗಾದರೆ ಲಕ್ಷದ ವಾಚು ಕೊಂಡವನದೂ ಸರಿಯೇ? ಇಲ್ಲಿ ನಿಧಾನಿಸಬೇಕು.

ಅಣುವಿನಷ್ಟು ಗರ್ವವಿರುವವನೂ ಸ್ವರ್ಗ ಪ್ರವೇಶಿಸಲಾರನೆಂದು ಪ್ರವಾದಿವರ್ಯರು(ಸ) ಹೇಳಿದಾಗ ಒಬ್ಬರಿಗೆ ಆತಂಕವಾಯಿತು. ತನ್ನ ಉಡುಪು ಚೆನ್ನಾಗಿರಲಿ, ಪಾದರಕ್ಷೆ ಚೆನ್ನಾಗಿರಲಿ ಎಂದು ಮನುಷ್ಯ ಬಯಸುತ್ತಾನಲ್ಲ ಎಂದು ಕೇಳಿದರು. ಅಲ್ಲಾಹನು ಚೆಲುವನು, ಚೆಲುವನ್ನು ಮೆಚ್ಚುವವನು ಎಂಬ ಉತ್ತರ ಬಂತು. ಗರ್ವವೆಂದರೆ ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂಬ ವಿವರಣೆಯೂ ಜೊತೆಗೆ ಬಂತು. ಇಬ್ನು ಮಸ್ಊದ್(ರ)ರ ಮೂಲಕ ಮುಸ್ಲಿಮ್ ವರದಿ ಮಾಡಿದ ಈ ಹದೀಸ್‌ನಲ್ಲಿ ಪಾದರಕ್ಷೆಯ ಮಾತೇ ಬಂದಿರುವುದನ್ನು ಗಮನಿಸಿ. ನಮ್ಮ ಚಪ್ಪಲಿ ಅಂಗಡಿಯ ಮನುಷ್ಯನಿಗೆ ಅಲ್ಲೇ ಸಮಾಧಾನವಿದೆ.

ಆದರೆ ಇನ್ನೊಂದು ಹದೀಸನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಖ್ಯಾತಿಗಾಗಿ ಉಡುಪು ಧರಿಸಿದವನಿಗೆ ಪರಲೋಕದಲ್ಲಿ ಅಪಮಾನದ ಉಡುಪು ಸಿಗುವುದೆಂಬ ಎಚ್ಚರಿಕೆಯನ್ನು ಅಬೂದಾವೂದ್ ಮತ್ತು ಇಬ್ನು ಮಾಜಃ ವರದಿ ಮಾಡಿದ್ದಾರೆ. ವಿದ್ವಾಂಸರು ಇದನ್ನು ಎರಡೂ ಕಡೆಗೆ ಅನ್ವಯಿಸಿದ್ದಾರೆ. ಜನ ನೋಡಲೆಂದು ಬೆಲೆಬಾಳುವುದನ್ನು ಧರಿಸುವವನೂ, ಜನ ನೋಡಲೆಂದು ಹರುಕು ಧರಿಸುವವನೂ ಇದರಡಿ ಬರುತ್ತಾರೆ. ಹರಿದ ಬಟ್ಟೆಯಲ್ಲೂ ಗರ್ವ ಅಡಗಿರಬಹುದು.

ಶರೀಅತ್ ಕೆಲವು ಗಡಿಗಳನ್ನು ಖಚಿತವಾಗಿ ಹಾಕಿದೆ. ಚಿನ್ನ ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದು ಕುಡಿಯುವುದು ಯಾರಿಗೂ ಸಲ್ಲದು. ಪುರುಷರಿಗೆ ಚಿನ್ನವೂ ರೇಷ್ಮೆಯೂ ನಿಷಿದ್ಧ. ಚಿನ್ನದಷ್ಟು ಬಾಳಿಕೆ ಬರುವ ಲೋಹ ಅಪರೂಪ. ಅದು ತುಕ್ಕು ಹಿಡಿಯುವುದಿಲ್ಲ, ಕಿಲುಬುಗಟ್ಟುವುದಿಲ್ಲ. ಆದರೂ ಅದರ ಬಟ್ಟಲು ನಿಷಿದ್ಧ. ಬಾಳಿಕೆಯೊಂದೇ ಸಮರ್ಥನೆಯಾಗುತ್ತಿದ್ದರೆ ಚಿನ್ನದ ಬಟ್ಟಲಿಗೇ ಮೊದಲ ಅನುಮತಿ ಸಿಗಬೇಕಿತ್ತು.

ಈ ಗಡಿಗಳ ಒಳಗೆ ಉಳಿದದ್ದನ್ನು ಅಲ್ಲಾಹನು ನಮ್ಮ ಮನಸ್ಸಾಕ್ಷಿಗೆ ಬಿಟ್ಟಿದ್ದಾನೆ. ಅಲ್ ಫುರ್ಕಾನ್ ಅಧ್ಯಾಯದ 67ನೇ ಸೂಕ್ತ, ಖರ್ಚಿನಲ್ಲಿ ಮಿತಿಮೀರದೆಯೂ ಜಿಪುಣತನ ತೋರದೆಯೂ ನಡುವಿನ ದಾರಿ ಹಿಡಿಯುವವರನ್ನು ಪರಮ ದಯಾಮಯನ ದಾಸರೆಂದು ಗುರುತಿಸುತ್ತದೆ. ಆ ನಡುದಾರಿ ಎಲ್ಲರಿಗೂ ಒಂದೇ ಮೊತ್ತದ್ದಲ್ಲ. ಮರಗೆಲಸದವನು ಉಳಿ, ಗರಗಸಗಳಿಗೆ ಹೆಚ್ಚು ಹಣ ಹಾಕುವುದು ವಿವೇಕ. ಅದನ್ನೇ ಗೋಡೆಗೆ ನೇತುಹಾಕಲು ಕೊಳ್ಳುವವನಿಗೆ ಅದು ಶೋಕಿ. ವಸ್ತುವಿನ ಬೆಲೆಯಲ್ಲಿ ಎರಡು ಪಾಲುಗಳಿರುತ್ತವೆ. ಒಂದು ಸರಕು ಮತ್ತು ಕಸುಬಿಗೆ ಕೊಡುವುದು, ಇನ್ನೊಂದು ಹೆಸರಿಗೆ ಕೊಡುವುದು. ಒಳ್ಳೆಯ ಹೊಲಿಗೆಗೆ ಕೊಟ್ಟ ಹಣ ಹೊಲಿದವನ ಮನೆಯ ಒಲೆ ಉರಿಸುತ್ತದೆ. ಬ್ರಾಂಡಿನ ಗುರುತಿಗೆ ಕೊಟ್ಟ ಹಣ ಬಹುತೇಕ ಪಕ್ಕದವನ ಕಣ್ಣು ಕುಕ್ಕಲು ಕೊಟ್ಟದ್ದು. ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಗುರುತನ್ನು ಅಳಿಸಿಬಿಟ್ಟರೂ ನಾನಿದನ್ನು ಇದೇ ಬೆಲೆಗೆ ಕೊಳ್ಳುವೆನೇ?

ಬಿರುಕು ಬಿಟ್ಟ ಬಟ್ಟಲು

ಪ್ರವಾದಿವರ್ಯರ(ಸ) ಮನೆಯಲ್ಲಿ ವಸ್ತುಗಳು ಬಹಳ ಕಡಿಮೆ. ಆದರೆ ಇದ್ದ ವಸ್ತುಗಳೊಂದಿಗೆ ಅವರ ವರ್ತನೆ ಹೇಗಿತ್ತು ಎಂಬುದಕ್ಕೆ ಹದೀಸ್ ಗ್ರಂಥಗಳಲ್ಲಿ ಮನಮುಟ್ಟುವ ವಿವರಗಳಿವೆ. ಅವರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿಯುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ.

ಅವರ ಒಂದು ಬಟ್ಟಲಿನ ಕಥೆ ಸಹೀಹುಲ್ ಬುಖಾರಿಯಲ್ಲಿದೆ. ಅದು ಉತ್ತಮ ಜಾತಿಯ ಮರದಿಂದ ಮಾಡಿದ, ಅಗಲವಾದ, ಚೆನ್ನಾದ ಬಟ್ಟಲು. ಪ್ರವಾದಿ(ಸ)ಯವರ ನಂತರ ಅದು ಅವರ ಸೇವಕರಾಗಿದ್ದ ಅನಸ್ ಬಿನ್ ಮಾಲಿಕ್(ರ)ರ ಬಳಿ ಉಳಿಯಿತು. ಬಟ್ಟಲು ಬಿರುಕು ಬಿಟ್ಟಿತ್ತು. ಅದನ್ನು ಎಸೆಯಲಿಲ್ಲ, ಬಿರುಕನ್ನು ಬೆಳ್ಳಿಯಿಂದ ಬೆಸೆಯಲಾಯಿತು. ಎಷ್ಟೋ ವರ್ಷಗಳ ಬಳಿಕ ಆಸಿಮ್ ಎಂಬ ಶಿಷ್ಯರು ಅದನ್ನು ಕಣ್ಣಾರೆ ಕಂಡು ಅದರಲ್ಲಿ ನೀರು ಕುಡಿದರು. ಆ ಬಟ್ಟಲಿಗೆ ಕಬ್ಬಿಣದ ಒಂದು ಬಳೆಯಿತ್ತು. ಅದನ್ನು ತೆಗೆದು ಚಿನ್ನದ ಅಥವಾ ಬೆಳ್ಳಿಯ ಬಳೆ ಹಾಕಿಸಬೇಕೆಂದು ಅನಸ್(ರ) ಬಯಸಿದರು. ಅದು ಪ್ರೀತಿಯಿಂದ ಹುಟ್ಟಿದ ಬಯಕೆ. ಆದರೆ ಅವರ ಮಲತಂದೆ ಅಬೂ ತಲ್ಹಾ(ರ), ಅಲ್ಲಾಹನ ಸಂದೇಶವಾಹಕರು(ಸ) ಮಾಡಿಟ್ಟದ್ದನ್ನು ಬದಲಿಸಬೇಡವೆಂದು ತಡೆದರು. ಅನಸ್(ರ) ಹಾಗೆಯೇ ಬಿಟ್ಟರು.

ನಮ್ಮ ಇಡೀ ಪ್ರಶ್ನೆಗೆ ಬೇಕಾದ ಉತ್ತರ ಈ ಒಂದು ಬಟ್ಟಲಿನಲ್ಲಿದೆ. ಅದು ಒಳ್ಳೆಯ ಮರದ್ದು, ಕಳಪೆಯದನ್ನು ಆರಿಸಿರಲಿಲ್ಲ. ಬಿರುಕು ಬಿಟ್ಟಾಗ ರಿಪೇರಿಯಾಯಿತು. ಬೆಳ್ಳಿಯ ಪಾತ್ರೆ ನಿಷಿದ್ಧವಾದರೂ ಅಗತ್ಯಕ್ಕೆ ಹಾಕಿದ ಸಣ್ಣ ಬೆಸುಗೆಗೆ ಅನುಮತಿಯಿದೆಯೆಂದು ಕರ್ಮಶಾಸ್ತ್ರ ಪಂಡಿತರು ಇದೇ ವರದಿಯಿಂದ ತಿಳಿದುಕೊಂಡರು. ಕಬ್ಬಿಣದ ಬಳೆಯನ್ನು ಚಿನ್ನದ್ದಾಗಿಸುವ ಬಯಕೆ ಬಂದಾಗ ತಡೆ ಬಿತ್ತು. ರಿಪೇರಿಗೆ ಬೆಳ್ಳಿ ಬಂತು, ಮೆರುಗಿಗೆ ಬರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಬಂದವರು ಅದರಲ್ಲಿ ನೀರು ಕುಡಿದರು.

ಮಾಊನ್

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ನನ್ನ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಒಂದು ದೊಡ್ಡ ತಾಮ್ರದ ಪಾತ್ರೆಯಿದೆ. ಮದುವೆಯಾಗಲಿ, ಮರಣವಾಗಲಿ, ಕೇರಿಯ ಯಾವ ಮನೆಯಲ್ಲಿ ಹೆಚ್ಚು ಜನ ಸೇರಿದರೂ ಆ ಪಾತ್ರೆ ಅಲ್ಲಿಗೆ ಹೋಗುತ್ತಿತ್ತು. ಎಲ್ಲಿಯೋ ಬಿದ್ದು ಅದರ ಅಂಚು ನೆಗ್ಗಿತ್ತು. ಯಾರ ಮನೆಯಲ್ಲಿ ನೆಗ್ಗಿತೆಂದು ಉಮ್ಮ ಎಂದೂ ಕೇಳಿದವರಲ್ಲ. ವರ್ಷಕ್ಕೊಮ್ಮೆ ಕಲಾಯಿಯವರು ಬರುತ್ತಿದ್ದರು. ಅಂಗಳದಲ್ಲಿ ಗುಂಡಿ ತೋಡಿ, ಇದ್ದಲಿಗೆ ತಿದಿಯೊತ್ತಿ, ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿ, ತವರವನ್ನು ತಾಗಿಸಿ ಹತ್ತಿಯಿಂದ ಒರೆಸಿದರೆ ಕರಿ ಬಿದ್ದ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಲಾಯಿ ಸವೆದ ತಾಮ್ರದಲ್ಲಿ ಹುಳಿ ಪದಾರ್ಥ ಬೇಯಿಸಿದರೆ ಅಡಿಗೆ ಕಿಲುಬೆದ್ದು ವಿಷವಾಗುತ್ತದೆ. ತಾಮ್ರ ನೂರು ವರ್ಷ ಬಾಳುವುದು ಕಲಾಯಿಯವರ ಕೈಯಿಂದ. ನಮ್ಮ ನಾಡಿನಲ್ಲಿ ಆ ಕಸುಬಿನವರೂ, ಹಾಸಿಗೆಯ ಹತ್ತಿಯನ್ನು ಹಿಂಜಿ ಹೊಸತಾಗಿಸುತ್ತಿದ್ದ ಪಿಂಜಾರರೂ ಬಹಳ ಮಂದಿ ನಮ್ಮ ಸಮುದಾಯದವರೇ. ಹಳೆಯದನ್ನು ಬಾಳಿಸುವುದೇ ಅವರ ಅನ್ನವಾಗಿತ್ತು. ನಾವು ಎಸೆಯಲು ಕಲಿತೆವು, ಅವರ ಕಸುಬು ಹೋಯಿತು.

ಕೆಲವು ವರ್ಷಗಳ ಹಿಂದೆ ಉಳಿತಾಯದ ಹಣದಲ್ಲಿ ದಪ್ಪ ತಳದ ಸ್ಟೀಲ್ ಪಾತ್ರೆಗಳ ಒಂದು ಸೆಟ್ಟು ಕೊಂಡೆ. ನನ್ನ ಸಂಬಳಕ್ಕೆ ಅದು ದುಬಾರಿಯೇ. ಮಕ್ಕಳ ಕಾಲಕ್ಕೂ ಬರುತ್ತದೆಂದು ಕೊಂಡದ್ದು. ಬಂದದ್ದು ಶೋಕೇಸಿಗೆ. ತಾಮ್ರದ ಪಾತ್ರೆ ಅಟ್ಟ ಸೇರಿತು, ಕಲಾಯಿಯಿಲ್ಲದೆ ಕಿಲುಬು ಹಿಡಿಯಿತು.

ಒಂದು ಸಂಜೆ ನೆರೆಮನೆಯ ಹಿರಿಯ ತಾಯಿ ಬಂದರು. ಮಗಳ ಗಂಡನ ಮನೆಯಿಂದ ಅನಿರೀಕ್ಷಿತವಾಗಿ ಹತ್ತು ಹದಿನೈದು ಮಂದಿ ಬಂದಿದ್ದರು. "ಮೋನೇ, ನಿನ್ನ ಆ ದೊಡ್ಡ ಪಾತ್ರೆ ಒಂದು ರಾತ್ರಿಗೆ ಕೊಡ್ತೀಯಾ?" ಎಂದರು. ನನ್ನ ಕಣ್ಣ ಮುಂದೆ ಬಂದದ್ದು ಅವರ ಒಲೆಯ ಮಸಿ, ಸೌಟಿನ ಗೀರು. ಅದನ್ನು ಇನ್ನೂ ಬಳಕೆಗೆ ತೆಗೆದಿಲ್ಲ ಎಂದೆ. ಮಾತು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಾಯಿತು. "ಆಯ್ತು ಮೋನೇ" ಎಂದು ಹೋದರು. ಆ ರಾತ್ರಿ ಅವರ ಮನೆಯಲ್ಲಿ ಸಣ್ಣ ಪಾತ್ರೆಯಲ್ಲೇ ಮೂರು ಸಲ ಅನ್ನ ಮಾಡಿದರಂತೆ.

ಮರುದಿನ ಬೆಳಿಗ್ಗೆ ಮದ್ರಸದಲ್ಲಿ ಸಣ್ಣ ಮಕ್ಕಳ ಪಾಠ. ಅಂದಿನ ಸರದಿ ಅಲ್ ಮಾಊನ್ ಅಧ್ಯಾಯದ್ದು. ಅನಾಥನನ್ನು ತಳ್ಳುವವನು, ಬಡವನಿಗೆ ಉಣಿಸಲು ಪ್ರೇರೇಪಿಸದವನು, ತೋರಿಕೆಗೆ ನಮಾಝ್ ಮಾಡುವವನು, ಕೊನೆಗೆ ಮಾಊನ್ ಅನ್ನು ತಡೆಹಿಡಿಯುವವನು. ಹುಡುಗನೊಬ್ಬ, "ಉಸ್ತಾದರೇ, ಮಾಊನ್ ಅಂದರೇನು?" ಎಂದು ಕೇಳಿದ. ಪ್ರವಾದಿ(ಸ)ಯವರ ಕಾಲದಲ್ಲಿ ಬಕೆಟ್ಟು, ಅಡಿಗೆಯ ಪಾತ್ರೆಗಳನ್ನು ಎರವಲು ಕೊಡುವುದನ್ನೇ ನಾವು ಮಾಊನ್ ಎಂದು ಎಣಿಸುತ್ತಿದ್ದೆವು ಎಂಬ ಅರ್ಥದ ಇಬ್ನು ಮಸ್ಊದ್(ರ)ರ ವಿವರಣೆ ಅಬೂದಾವೂದ್‌ನಲ್ಲಿದೆ. ಎಷ್ಟೋ ವರ್ಷದಿಂದ ಹೇಳಿಕೊಡುತ್ತಿದ್ದೇನೆ. ಅಂದೂ ಹೇಳಿಕೊಟ್ಟೆ. ಆದರೆ ಮಕ್ಕಳ ಮುಖ ನೋಡಲಾಗಲಿಲ್ಲ.

ಪಾಠ ಮುಗಿಸಿ ಮನೆಗೆ ಬಂದು ಶೋಕೇಸಿನಿಂದ ಆ ಪಾತ್ರೆ ತೆಗೆದು ಅವರ ಮನೆಗೆ ಹೊತ್ತೊಯ್ದೆ. ಅವರು ನಕ್ಕರು. "ನಿನ್ನೆ ಬೇಕಿತ್ತು ಮೋನೇ, ಇವತ್ತು ಬೇಡ" ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ. ಅದಕ್ಕಾಗಿಯೇ ಇಂದಿಗೂ ಕಿವಿಯಲ್ಲಿ ಉಳಿದಿದೆ.

ನಾನು ಕೊಂಡದ್ದು ತಪ್ಪಾಗಿರಲಿಲ್ಲ. ಒಳ್ಳೆಯ ಪಾತ್ರೆ, ನ್ಯಾಯವಾಗಿ ಸಂಪಾದಿಸಿದ ಹಣ. ಕೊಂಡ ನಂತರ ಆ ಪಾತ್ರೆ ನನ್ನನ್ನು ಕೊಂಡುಕೊಂಡದ್ದು ತಪ್ಪು. ಅದಕ್ಕೆ ಗೀರು ಬೀಳಬಾರದೆಂಬ ಚಿಂತೆಯಲ್ಲಿ ನೆರೆಯ ತಾಯಿಯ ಮನಸ್ಸಿಗೆ ಬೀಳುವ ಗೀರು ಕಾಣಲಿಲ್ಲ. ಅಜ್ಜಿಯ ತಾಮ್ರದ ಪಾತ್ರೆಯ ನೆಗ್ಗು ಅದರ ಕುಂದಾಗಿರಲಿಲ್ಲ, ಅದರ ಪುಣ್ಯದ ಗುರುತಾಗಿತ್ತು. ಬಾಳಿಕೆ ಬರಲೆಂದು ಬಳಸದೇ ಇಟ್ಟ ವಸ್ತು ಬಾಳಿದಂತೆ ಅಲ್ಲ, ಅದು ಹುಟ್ಟಿಯೇ ಇಲ್ಲ.

ತಯಾರಿಸುವವನ ಹೊಣೆ

ಬಾಳಿಕೆಯ ವಿಷಯದಲ್ಲಿ ಕೊಳ್ಳುವವನಿಗೆ ಮಾತ್ರ ಉಪದೇಶ ಮಾಡಿದರೆ ಅನ್ಯಾಯವಾದೀತು. ಮಾಡುವವನೂ ಮಾರುವವನೂ ಮೊದಲ ಹೊಣೆಗಾರರು. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಪ್ರವಾದಿವರ್ಯರ(ಸ) ಬೆರಳುಗಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಅವರು ಹೇಳಿದರು. ಇಂದು ಮೇಲೆ ಹೊಳಪು, ಒಳಗೆ ಟೊಳ್ಳಾಗಿರುವ ಸರಕು ಅದೇ ಒದ್ದೆ ಧಾನ್ಯ.

ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ಬಟ್ಟೆಯ ವ್ಯಾಪಾರಿ. ಒಂದು ಬಟ್ಟೆಯಲ್ಲಿ ದೋಷವಿದೆ, ಗಿರಾಕಿಗೆ ತಿಳಿಸಿಯೇ ಮಾರಬೇಕೆಂದು ಅವರು ಪಾಲುದಾರರಿಗೆ ಹೇಳಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು, ಕೊಂಡವರು ಯಾರೆಂದೂ ಗೊತ್ತಾಗಲಿಲ್ಲ. ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿದರು. ಮುಚ್ಚಿಟ್ಟ ದೋಷ ಬಯಲಾದರೆ ವಸ್ತುವನ್ನು ಮರಳಿಸುವ ಹಕ್ಕು ಗ್ರಾಹಕನಿಗಿದೆ ಎಂಬುದು ಕರ್ಮಶಾಸ್ತ್ರದಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಆಗಿದೆ. ಮುಸ್ಲಿಮ್ ನಗರಗಳ ಪೇಟೆಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯಿದ್ದ. ಹನ್ನೆರಡನೇ ಶತಮಾನದ ಶೈಝರೀ ಅವನಿಗಾಗಿ ಬರೆದ ಕೈಪಿಡಿಯಲ್ಲಿ ಒಂದೊಂದು ಕಸುಬಿನ ಮೋಸಗಳ ಪಟ್ಟಿಯಿದೆ. ಪಾದರಕ್ಷೆ ಮಾಡುವವರು ಅಟ್ಟೆಯ ಒಳಗೆ ಹಳೆಯ ಚಿಂದಿ ತುರುಕದಂತೆ ನೋಡಿಕೊಳ್ಳಬೇಕೆಂಬುದೂ ಅದರಲ್ಲಿದೆ.

ಆಧುನಿಕ ಉದ್ಯಮ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಯಿತು. 1924ರಲ್ಲಿ ಹಲವು ದೇಶಗಳ ದೊಡ್ಡ ವಿದ್ಯುದ್ದೀಪ ಕಂಪೆನಿಗಳು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬಿನ ಆಯಸ್ಸು 1000 ಗಂಟೆ ಮೀರಬಾರದೆಂದು ಕಟ್ಟುಮಾಡಿದವು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯನಿಗೆ ದಂಡ! ಇತ್ಕಾನ್‌ಗೆ ಶಿಕ್ಷೆ, ಕಳಪೆಗೆ ಬಹುಮಾನ. ನೂಲನ್ನು ಗಟ್ಟಿಯಾಗಿ ನೂತು ಮತ್ತೆ ತಾನೇ ಎಳೆ ಎಳೆಯಾಗಿ ಬಿಚ್ಚಿದ ಹೆಂಗಸಿನಂತೆ ಆಗಬಾರದೆಂದು ಅನ್ನಹ್ಲ್ ಅಧ್ಯಾಯದ 92ನೇ ಸೂಕ್ತ ಎಚ್ಚರಿಸುವುದು ಆಣೆ ಮುರಿಯುವವರ ಕುರಿತು. ಆದರೆ ಆ ಚಿತ್ರ ಇಂಥ ಉದ್ಯಮಕ್ಕೂ ಎಷ್ಟು ಒಪ್ಪುತ್ತದೆ ನೋಡಿ.

ಈಗ ಲೋಕಕ್ಕೆ ಸ್ವಲ್ಪ ಎಚ್ಚರ ಬರುತ್ತಿದೆ. ವಸ್ತುವಿನ ಆಯಸ್ಸನ್ನು ಬೇಕೆಂದೇ ಕುಗ್ಗಿಸುವುದನ್ನು ಫ್ರಾನ್ಸ್ 2015ರಲ್ಲಿ ಅಪರಾಧವೆಂದು ಕಾನೂನು ಮಾಡಿತು. ಭಾರತ ಸರಕಾರವು 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಗ್ರಾಹಕರಿಗಾಗಿ ಒಂದು ಪೋರ್ಟಲನ್ನೂ ತೆರೆಯಿತು. ಮೊಬೈಲಿನ ಬ್ಯಾಟರಿ ಬದಲಿಸಲು ಬರುವುದೇ, ಮಿಕ್ಸಿಯ ಬಿಡಿಭಾಗ ಸಿಗುವುದೇ ಎಂದು ಕೊಳ್ಳುವ ಮುನ್ನ ಕೇಳುವುದು ಜಿಪುಣತನವಲ್ಲ. ಅದು ವಿಶ್ವಾಸಿಯ ಹಕ್ಕು, ಒಂದರ್ಥದಲ್ಲಿ ಕರ್ತವ್ಯ ಕೂಡ.

ಬಡವನ ಲೆಕ್ಕ

ಇಷ್ಟು ಓದಿದ ಮೇಲೆ ಒಬ್ಬ ಓದುಗ ಕೇಳಬಹುದು: "ಉಸ್ತಾದರೇ, 1500ರ ಚಪ್ಪಲಿ ಲಾಭವೆಂದು ನನಗೂ ಗೊತ್ತು. ಆದರೆ ನನ್ನ ಜೇಬಿನಲ್ಲಿರುವುದೇ 400 ರೂಪಾಯಿ." ಈ ಮಾತಿಗೆ ಉಪದೇಶದಲ್ಲಿ ಉತ್ತರವಿಲ್ಲ. ಒಮ್ಮೆಗೆ ಹೆಚ್ಚು ಹಣ ಹೊಂದಿಸಲಾರದ ಕಾರಣಕ್ಕೆ ಬಡವನು ಜೀವನವಿಡೀ ಹೆಚ್ಚು ತೆರುತ್ತಾನೆ. ಅಗ್ಗದ್ದನ್ನು ಕೊಳ್ಳುವ ಅವನನ್ನು ಯಾರೂ ಪೋಲುಗಾರನೆಂದು ಕರೆಯಬಾರದು.

ಕಂತಿನ ವ್ಯಾಪಾರ ಅವನ ಈ ಕಷ್ಟವನ್ನೇ ಹಿಡಿದು ಬರುತ್ತದೆ. ಇಎಂಐ ಎಂಬ ಹೆಸರಿನಲ್ಲಿ ಬಡ್ಡಿ ಮನೆಯೊಳಗೆ ನುಗ್ಗುತ್ತದೆ. ವಸ್ತು ಎಷ್ಟೇ ಗಟ್ಟಿಯಾಗಿರಲಿ, ಬಡ್ಡಿಯಲ್ಲಿ ಬಂದದ್ದರಲ್ಲಿ ಬರ್ಕತ್ ಬಾಳುವುದಿಲ್ಲ. ಇಲ್ಲಿ ಅನುಕೂಲಸ್ಥರಿಗೆ ಒಂದು ಅವಕಾಶವಿದೆ. ಹೊಲಿಗೆಯ ಕೆಲಸ ಮಾಡುವ ಹೆಣ್ಣುಮಗಳಿಗೆ ಒಂದು ಒಳ್ಳೆಯ ಮೆಶಿನ್ನಿಗೆ, ಗಾರೆ ಕೆಲಸದವನಿಗೆ ಗಟ್ಟಿ ಸಲಕರಣೆಗೆ ಬಡ್ಡಿಯಿಲ್ಲದ ಸಾಲ ಕೊಡಿ. ದಾನ ಕೊಡುವಾಗಲೂ ಹರಿಯುವ ಸೀರೆ, ಸೋರುವ ಕೊಡೆ ಕೊಡಬೇಡಿ. ಕಣ್ಣು ಮುಚ್ಚಿಕೊಳ್ಳದೆ ನೀವೇ ಸ್ವೀಕರಿಸಲಾರದ ಕೀಳು ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಅಲ್ ಬಕರಾ ಅಧ್ಯಾಯದ 267ನೇ ಸೂಕ್ತ ಹೇಳುವುದು ನಮಗೇ.

ಅರೀಸ್ ಬಾವಿಯ ಉಂಗುರ

ಇನ್ನು ಆರಂಭದ ಪ್ರಶ್ನೆಗೆ ಬರೋಣ. ದಾರಿಹೋಕನಿಗೆ ಬಾಳಿಕೆಯ ವಸ್ತುವೇಕೆ?

ಮರಳುಗಾಡು ದಾಟುವವನಿಗೆ ಸೋರದ ನೀರಿನ ಚೀಲ ಬೇಕು. ಅವನು ಹೊರೆ ಕಡಿಮೆ ಹೊರುತ್ತಾನೆ, ಆದರೆ ಹೊತ್ತದ್ದು ಗಟ್ಟಿಯಾಗಿರಬೇಕು. ದಾರಿಹೋಕನ ವಿರಕ್ತಿ ವಸ್ತುಗಳ ಎಣಿಕೆಯಲ್ಲಿರುತ್ತದೆ, ಅವುಗಳ ಕಳಪೆತನದಲ್ಲಲ್ಲ. ಅಪಾಯವಿರುವುದು ಬೇರೆ ಕಡೆ. ಅಲ್ ಹುಮಝಃ ಅಧ್ಯಾಯದಲ್ಲಿ ಖಂಡನೆಗೆ ಗುರಿಯಾದವನು ಸಂಪತ್ತನ್ನು ಕೂಡಿಟ್ಟು ಎಣಿಸುತ್ತಾ, ಅದು ತನ್ನನ್ನು ಶಾಶ್ವತಗೊಳಿಸುತ್ತದೆಂದು ಭಾವಿಸುವವನು. ಆದ್ ಜನಾಂಗದವರೂ ತಾವು ಸದಾ ಇರುವವರೆಂಬಂತೆ ಭದ್ರ ಕಟ್ಟಡಗಳನ್ನು ಕಟ್ಟುತ್ತಿದ್ದರೆಂದು ಅಶ್ಶುಅರಾ ಅಧ್ಯಾಯ ನೆನಪಿಸುತ್ತದೆ. ವಸ್ತುವಿನ ಬಾಳಿಕೆಯನ್ನು ನನ್ನ ಬಾಳಿಕೆಯೆಂದು ಭ್ರಮಿಸುವುದೇ ರೋಗ.

ಪ್ರವಾದಿವರ್ಯರ(ಸ) ಬಳಿ ಮುದ್ರೆಯೊತ್ತಲು ಬೆಳ್ಳಿಯ ಒಂದು ಉಂಗುರವಿತ್ತು. ಅವರ ನಂತರ ಅದು ಹ. ಅಬೂಬಕ್ಕರ್(ರ)ರ ಕೈಗೆ, ಆಮೇಲೆ ಹ. ಉಮರ್(ರ)ರ ಕೈಗೆ, ಆಮೇಲೆ ಹ. ಉಸ್ಮಾನ್(ರ)ರ ಕೈಗೆ ಬಂತು. ಒಂದು ದಿನ ಮದೀನಾದ ಅರೀಸ್ ಬಾವಿಯ ಬಳಿ ಕುಳಿತಿದ್ದಾಗ ಅವರ ಕೈಯಿಂದ ಜಾರಿ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರು, ನೀರು ತೋಡಿಸಿದರು, ಸಿಗಲಿಲ್ಲ. ಉಂಗುರ ಸವೆಯಲಿಲ್ಲ, ಮುರಿಯಲಿಲ್ಲ. ನಾಲ್ಕು ಕೈಗಳಿಗೆ ಸೇವೆ ಸಲ್ಲಿಸಿ ಜಾರಿತು. ಬಾಳುವ ವಸ್ತು ನಮ್ಮ ಕೈಯಲ್ಲಿರುವುದು ಇಷ್ಟೇ ರೀತಿಯಲ್ಲಿ. ಹಿಂದಿನವರಿಂದ ಬಂದದ್ದು, ಮುಂದಿನವರಿಗೆ ಹೋಗುವುದು, ನಡುವೆ ಒಂದಿಷ್ಟು ದಿನ ನಮ್ಮಲ್ಲಿ ಅಮಾನತ್ತು.

ಅಮಾನತ್ತೆಂದ ಮೇಲೆ ಅದನ್ನು ಕಳಪೆಯಾಗಿ ಆರಿಸುವಂತಿಲ್ಲ, ಕೆಟ್ಟಾಗ ರಿಪೇರಿ ಮಾಡಿಸದೆ ಬಿಡುವಂತಿಲ್ಲ, ಬೀಗ ಹಾಕಿ ಇತರರಿಂದ ತಡೆಯುವಂತಿಲ್ಲ. ಖೈಬರ್‌ನಲ್ಲಿ ತನಗೆ ಸಿಕ್ಕಿದ ಅತ್ಯುತ್ತಮ ಜಮೀನನ್ನು ಏನು ಮಾಡಲೆಂದು ಹ. ಉಮರ್(ರ) ಕೇಳಿದಾಗ, ಮೂಲವನ್ನು ಹಾಗೆಯೇ ಉಳಿಸಿ ಫಲವನ್ನು ದಾನ ಮಾಡುವ ದಾರಿಯನ್ನು ಪ್ರವಾದಿ(ಸ)ಯವರು ತೋರಿಸಿದರು. ವಕ್ಫ್ ಎಂಬ ಮಹಾ ವ್ಯವಸ್ಥೆ ಇದರ ಮೇಲೆ ನಿಂತಿದೆ. ವಸ್ತು ಉಳಿಯಬೇಕು, ಪ್ರಯೋಜನ ಹರಿಯಬೇಕು. ನಮ್ಮ ಅಡಿಗೆಮನೆಯ ಪಾತ್ರೆ, ಅಂಗಳದ ಏಣಿ, ಕಪಾಟಿನ ಸಲಕರಣೆ ಇವೆಲ್ಲಕ್ಕೂ ಆ ಬೆಳಕಿನ ಒಂದು ಕಿರಣ ತಾಗಲಿ.

ಅಟ್ಟದ ತಾಮ್ರದ ಪಾತ್ರೆಯನ್ನು ಇಳಿಸಿದೆ. ಕಲಾಯಿ ಹಾಕುವವರು ನಮ್ಮೂರಲ್ಲಿ ಸಿಗಲಿಲ್ಲ. ಬೇರೆ ಊರಿನಲ್ಲಿ ಒಬ್ಬ ವೃದ್ಧರು ಸಿಕ್ಕಿದರು. ಈಗ ಅದೂ ಹೊರಗೆ ಹೋಗುತ್ತದೆ, ಶೋಕೇಸಿನದೂ ಹೋಗುತ್ತದೆ. ಸ್ಟೀಲಿನದಕ್ಕೆ ಗೀರು ಬಿದ್ದಿದೆ. ಯಾರ ಮನೆಯಲ್ಲಿ ಬಿತ್ತೆಂದು ನಾನು ಕೇಳಲಿಲ್ಲ. ಕೇಳಬೇಕೆನಿಸಿತ್ತು ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಸಂಪತ್ತನ್ನು ಹೇಗೆ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ಉತ್ತರಿಸದೆ ಪರಲೋಕದಲ್ಲಿ ಯಾರ ಹೆಜ್ಜೆಯೂ ಕದಲದು. ಅಂದು ನಾವು ಬಿಟ್ಟುಬಂದ ವಸ್ತುಗಳು ಇನ್ನೂ ಗಟ್ಟಿಯಾಗಿರಲಿ, ಯಾರದೋ ಮನೆಯಲ್ಲಿ ಯಾರದೋ ಹಸಿವೆ ನೀಗುತ್ತಿರಲಿ, ನಮ್ಮ ಪರವಾಗಿ ಸಾಕ್ಷಿ ಹೇಳಲಿ. ಅಲ್ಲಾಹನು ನಮ್ಮೆಲ್ಲರಿಗೂ ಅದಕ್ಕೆ ಅನುಗ್ರಹಿಸಲಿ. ಆಮೀನ್.